ದೊಡ್ಡವರ ದನಿಯಲ್ಲಿ ಮಾತಾಡುವ ಹುಡುಗ

(ಉತ್ತರ ಬೆಂಗಳೂರಿನ ಶೆಟ್ಟಿಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ದತ್ತಿ ಉಪನ್ಯಾಸವೆಂದರೆ ಪಂಪನೋ ಕುಮಾರವ್ಯಾಸನೋ ವಚನವೋ ದಾಸರ ಪದವೋ ವಿಷಯವಾಗಿರುವುದು ವಾಡಿಕೆ. ಪತ್ತೇದಾರಿ ಕಥೆಗೆ ಇಂಥ ವೇದಿಕೆಯ ಮೇಲೆ ಜಾಗ ಸಿಗುವುದು ಅಪರೂಪ. ಅದೂ ಜಪಾನಿನ ಒಂದು ಕಾರ್ಟೂನ್ ಸರಣಿಯನ್ನು ಹಿಡಿದು ಮಾತು ಶುರುಮಾಡುತ್ತೇನೆ ಎಂದಾಗಲೂ ಸಂಘಟಕರು ಆಗಲಿ ಎಂದರು. ಅವರಿಗೆ ಋಣಿಯಾಗಿದ್ದೇನೆ. ಹಗುರವಾದ ವಿಷಯ ಎಂದು ಇದನ್ನು ಆರಿಸಿಕೊಂಡಿಲ್ಲ. ಶಾಲೆ ಹೆಚ್ಚು ಕಂಡಿರದ ಎಷ್ಟೋ ಕನ್ನಡಿಗರ ಕೈಗೆ ಪುಸ್ತಕ ಕೊಟ್ಟ ಬರವಣಿಗೆ ಇದು. ಅದನ್ನು ನಾವು ಮುಂದಿನವರಿಗೆ ದಾಟಿಸಲಿಲ್ಲವಲ್ಲ ಎಂಬ ಸಂಕಟ ಬಹಳ ದಿನಗಳಿಂದ ನನ್ನಲ್ಲಿದೆ.

ಸರಣಿಯ ಹೆಸರು ಡಿಟೆಕ್ಟಿವ್ ಕೊನಾನ್. ಮುಂದಿನ ಸಾಲಿನಲ್ಲಿ ಕೂತಿರುವ ಮಕ್ಕಳಿಗೆ ಅದರ ಪರಿಚಯ ಬೇಕಿಲ್ಲ, ಹಿಂದಿನ ಸಾಲಿನವರಿಗಾಗಿ ಹೇಳುತ್ತೇನೆ. ಗೋಶೊ ಅಓಯಾಮಾ ಎಂಬ ಚಿತ್ರಕಾರರು 1994ರ ಜನವರಿಯಲ್ಲಿ ಶೋನೆನ್ ಸಂಡೇ ಎಂಬ ವಾರಪತ್ರಿಕೆಯಲ್ಲಿ ಇದನ್ನು ಚಿತ್ರಕಥೆಯ ಧಾರಾವಾಹಿಯಾಗಿ ಆರಂಭಿಸಿದರು. ಇಂಥ ಚಿತ್ರಕಥೆಗೆ ಜಪಾನಿನಲ್ಲಿ ಮಾಂಗಾ ಎನ್ನುತ್ತಾರೆ. ಎರಡೇ ವರ್ಷಕ್ಕೆ, 1996ರ ಜನವರಿ 8ರಂದು, ಅದು ಅನಿಮೆ ಎಂಬ ಜಪಾನಿ ಕಾರ್ಟೂನ್ ಆಗಿ ಟಿ.ವಿ.ಗೆ ಬಂತು. ಇವತ್ತಿಗೂ ನಡೆಯುತ್ತಿದೆ. ಸಾವಿರಕ್ಕೂ ಹೆಚ್ಚು ಕಂತುಗಳಾಗಿವೆ, ಪುಸ್ತಕದ ಸಂಪುಟಗಳು 100 ದಾಟಿವೆ, 27 ಕೋಟಿಗೂ ಹೆಚ್ಚು ಪ್ರತಿಗಳು ಅಚ್ಚಾಗಿವೆ.

ಕಥೆಯ ನಾಯಕ ಶಿನಿಚಿ ಕುಡೊ ಹದಿನೇಳು ವರ್ಷದ ಹೈಸ್ಕೂಲ್ ಹುಡುಗ. ಬಲು ಚುರುಕು, ಪೊಲೀಸರಿಗೇ ನೆರವಾಗುವ ಪತ್ತೇದಾರ. ಕಪ್ಪು ಕೋಟಿನ ಇಬ್ಬರು ಖದೀಮರ ವ್ಯವಹಾರವನ್ನು ಮರೆಯಲ್ಲಿ ನಿಂತು ನೋಡುತ್ತಿರುವಾಗ ಹಿಂದಿನಿಂದ ತಲೆಗೆ ಏಟು ಬೀಳುತ್ತದೆ. ಅವನನ್ನು ಕೊಲ್ಲಲೆಂದು ಹೊಸದೊಂದು ವಿಷದ ಗುಳಿಗೆ ನುಂಗಿಸುತ್ತಾರೆ. ಅವನು ಸಾಯುವುದಿಲ್ಲ, ಒಂದನೇ ಕ್ಲಾಸಿನ ಹುಡುಗನಷ್ಟು ಸಣ್ಣವನಾಗುತ್ತಾನೆ. ಬುದ್ಧಿ ಹದಿನೇಳರದೇ, ಮೈ ಮಾತ್ರ ಏಳರದು. ತಾನು ಬದುಕಿರುವುದು ಖದೀಮರಿಗೆ ಗೊತ್ತಾಗಬಾರದು ಎಂದು ಕೊನಾನ್ ಎಂಬ ಹೆಸರಿಟ್ಟುಕೊಂಡು ಗೆಳತಿ ರಾನ್‌ಳ ಮನೆ ಸೇರುತ್ತಾನೆ. ರಾನ್‌ಳ ತಂದೆ ಕೊಗೊರೊ ಮೌರಿ ಖಾಸಗಿ ಪತ್ತೇದಾರ. ಹೆಸರಿಗೆ ಪತ್ತೇದಾರನೇ ಹೊರತು ತಪ್ಪು ಮನುಷ್ಯನ ಮೇಲೆ ಬೆರಳು ತೋರಿಸುವುದರಲ್ಲಿ ನಿಸ್ಸೀಮ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇಲ್ಲಿಂದ ಮುಂದಿನ ಏರ್ಪಾಡು. ಕೊನಾನ್‌ಗೆ ಎಲ್ಲವೂ ಹೊಳೆಯುತ್ತದೆ, ಆದರೆ ಏಳು ವರ್ಷದ ಹುಡುಗನ ಮಾತನ್ನು ಯಾವ ಇನ್‌ಸ್ಪೆಕ್ಟರ್ ಕೇಳುತ್ತಾನೆ? ಮಧ್ಯೆ ಬಾಯಿ ಹಾಕಬೇಡ ಎಂದು ಮೌರಿಯೇ ಅವನ ಕತ್ತಿನ ಪಟ್ಟಿ ಹಿಡಿದು ಆಚೆ ಇಡುತ್ತಾನೆ. ಆಗ ಶಿನಿಚಿಯ ಪಕ್ಕದ ಮನೆಯ ವಿಜ್ಞಾನಿ ಅಗಾಸಾ ಮಾಡಿಕೊಟ್ಟ ಎರಡು ಸಾಧನಗಳು ಕೆಲಸಕ್ಕೆ ಬರುತ್ತವೆ. ಒಂದು ಕೈಗಡಿಯಾರ. ಅದರ ಮುಚ್ಚಳ ಎತ್ತಿ ಗುರಿ ಹಿಡಿದರೆ ಮಂಪರು ಮದ್ದಿನ ಸೂಜಿ ಹಾರಿ ಮೌರಿಯ ಕತ್ತಿಗೆ ನಾಟುತ್ತದೆ, ಅವನು ಕೂತಲ್ಲೇ ನಿದ್ದೆ ಹೋಗುತ್ತಾನೆ. ಇನ್ನೊಂದು, ಕೊರಳಿಗೆ ಕಟ್ಟುವ ಕೆಂಪು ಬೋ. ಅದರ ಹಿಂದಿನ ಗುಂಡಿ ತಿರುಗಿಸಿದರೆ ಯಾರ ದನಿ ಬೇಕಾದರೂ ಬರುತ್ತದೆ. ಸೋಫಾದ ಹಿಂದೆ ಅವಿತುಕೊಂಡ ಹುಡುಗ ಮೌರಿಯ ದನಿಯಲ್ಲಿ ಕೊಲೆಯ ಗುಟ್ಟನ್ನು ಎಳೆ ಎಳೆಯಾಗಿ ಬಿಡಿಸುತ್ತಾನೆ. ಪೊಲೀಸರು ತಲೆದೂಗುತ್ತಾರೆ. ಎಚ್ಚರವಾದಾಗ ಮೌರಿಗೆ ಹಾರ ತುರಾಯಿ.

ನಿಜವನ್ನು ಕಂಡವನು ಸಣ್ಣವನಾದರೆ ಅದನ್ನು ದೊಡ್ಡವರ ದನಿಯಲ್ಲೇ ಹೇಳಬೇಕು. ಸಾವಿರ ಕಂತುಗಳ ಈ ಸರಣಿ ನಿಂತಿರುವುದು ಈ ನೋವಿನ ಮೇಲೆ. ಮಕ್ಕಳು ಅದನ್ನು ಬಿಡದೆ ನೋಡುವುದಕ್ಕೆ ಕೊಲೆಯ ರೋಚಕತೆಗಿಂತ ಇದೇ ಮುಖ್ಯ ಕಾರಣ ಎಂಬುದು ನನ್ನ ನಂಬಿಕೆ. ಹೇಳಿದ್ದು ಸರಿಯಿದ್ದೂ ಮನೆಯಲ್ಲಿ ಬೈಸಿಕೊಂಡ ಅನುಭವ ಇಲ್ಲದ ಮಗು ಯಾವ ಊರಿನಲ್ಲಿದೆ? ನಮ್ಮ ಹಳೆಯ ಕಥೆಯೊಂದರಲ್ಲಿ ದನ ಕಾಯುವ ಹುಡುಗ ದಿಬ್ಬದ ಮೇಲೆ ಕೂತು ದೊಡ್ಡ ದೊಡ್ಡ ವ್ಯಾಜ್ಯಗಳಿಗೆ ನ್ಯಾಯ ಹೇಳುತ್ತಾನೆ. ಕೆಳಗಿಳಿದರೆ ಮಾಮೂಲಿ ಹುಡುಗ. ಅಗೆದು ನೋಡಿದರೆ ದಿಬ್ಬದಡಿಯಲ್ಲಿ ವಿಕ್ರಮಾದಿತ್ಯನ ಸಿಂಹಾಸನವಿರುತ್ತದೆ. ಆ ಕಥೆ ಕೇಳುತ್ತಿದ್ದಾಗಲೆಲ್ಲ ನನಗೆ ಕೆಡುಕೆನಿಸುತ್ತಿತ್ತು. ಬುದ್ಧಿ ಹುಡುಗನದೇ ಆಗಿದ್ದರೆ ಏನಾಗುತ್ತಿತ್ತು? ಕೊನಾನ್ ಕಥೆಯಲ್ಲಿ ಬುದ್ಧಿ ಹುಡುಗನದೇ, ಸಿಂಹಾಸನ ಮಾತ್ರ ಬೇರೆಯವರದು.

ಸರಣಿಯ ಮೊಟ್ಟಮೊದಲ ಪ್ರಕರಣವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮನರಂಜನಾ ಪಾರ್ಕಿನ ರೋಲರ್ ಕೋಸ್ಟರ್ ಕತ್ತಲ ಸುರಂಗದೊಳಗೆ ಹೊಕ್ಕು ಹೊರಬರುವಷ್ಟರಲ್ಲಿ ಒಬ್ಬನ ಕೊಲೆಯಾಗಿದೆ. ಕೊಲೆಗಾರರು ಅದೇ ಬಂಡಿಯಲ್ಲಿದ್ದವರೇ. ಸತ್ತವನ ಗೆಳತಿಯೂ ಅಳುತ್ತಿದ್ದಾಳೆ, ಅವನ ಮಾಜಿ ಗೆಳತಿಯೂ ಅಳುತ್ತಿದ್ದಾಳೆ. ಶಿನಿಚಿ ನೋಡುವುದು ಕಣ್ಣೀರು ಹರಿದಿರುವ ದಿಕ್ಕನ್ನು. ನಿಂತವರ, ಕೂತವರ ಕಣ್ಣೀರು ಕೆನ್ನೆಯ ಮೇಲೆ ಕೆಳಕ್ಕೆ ಇಳಿಯಬೇಕು. ಒಬ್ಬಳ ಕಣ್ಣೀರಿನ ಗುರುತು ಅಡ್ಡಕ್ಕೆ, ಕಿವಿಯ ಕಡೆಗೆ ಸಾಗಿದೆ. ಎದುರುಗಾಳಿಗೆ ಸಿಕ್ಕಿದ ಕಣ್ಣೀರು ಮಾತ್ರ ಹಾಗೆ ಹೋಗುತ್ತದೆ. ಅಂದರೆ ಬಂಡಿ ಓಡುತ್ತಿದ್ದಾಗಲೇ, ಕೊಲೆ ಯಾರಿಗೂ ಗೊತ್ತಾಗುವ ಮೊದಲೇ, ಅವಳು ಅಳುತ್ತಿದ್ದಳು. ಮಾಡುವುದು ಗೊತ್ತಿದ್ದವಳು ಮಾತ್ರ ಮಾಡುವಾಗಲೇ ಅಳುತ್ತಾಳೆ.

ಇಡೀ ಪತ್ತೇದಾರಿ ಕಲೆ ಈ ಕಣ್ಣೀರ ಗೆರೆಯಲ್ಲಿದೆ. ಸಾಕ್ಷ್ಯ ಎಲ್ಲರ ಕಣ್ಣ ಮುಂದೆಯೇ ಇತ್ತು. ಅದನ್ನು ಕಾಣಲು ಪದವಿ ಬೇಕಿರಲಿಲ್ಲ, ಪೊಲೀಸ್ ಲಾಠಿ ಬೇಕಿರಲಿಲ್ಲ, ನೋಡುವ ತಾಳ್ಮೆ ಬೇಕಿತ್ತು. 1929ರಲ್ಲಿ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆಗಳನ್ನು ಹಾಕಿಕೊಟ್ಟರು. ಪತ್ತೇದಾರ ಕಂಡ ಸುಳಿವನ್ನು ಓದುಗನಿಂದ ಮುಚ್ಚಿಡಕೂಡದು ಎಂಬುದು ಅವುಗಳಲ್ಲೊಂದು. ಇದು ಕಥೆಗಾರ ಓದುಗನಿಗೆ ಕೊಡುವ ಗೌರವ. ನಾನು ಕಂಡದ್ದನ್ನೆಲ್ಲ ನಿನಗೂ ತೋರಿಸಿದ್ದೇನೆ, ನೀನೂ ಬಿಡಿಸಬಲ್ಲೆ ಎಂದು ಹೇಳಿದ ಹಾಗೆ. ನಮ್ಮ ಮಕ್ಕಳಿಗೆ ಇದು ಚಂದಮಾಮದ ಬೇತಾಳ ಕಥೆಗಳಿಂದಲೇ ಗೊತ್ತಿತ್ತು. ಬೇತಾಳ ಕಥೆಯ ಎಲ್ಲ ವಿವರಗಳನ್ನೂ ಮೊದಲು ಹೇಳಿ ಮುಗಿಸುತ್ತಿತ್ತು, ಆಮೇಲೇ ಪ್ರಶ್ನೆ. ಅಣ್ಣ ತಂಗಿಯರು ಹಾಳೆ ಮುಚ್ಚಿಟ್ಟು ವಿಕ್ರಮನಿಗಿಂತ ಮೊದಲು ಉತ್ತರ ಹೇಳಲು ಪೈಪೋಟಿ ನಡೆಸುತ್ತಿದ್ದ ಮನೆಗಳು ಈ ಸಭೆಯಲ್ಲಿ ಹಲವರಿಗೆ ನೆನಪಿರಬೇಕು.

ಅಓಯಾಮಾ ಅವರ ಇನ್ನೊಂದು ಗುಣವನ್ನು ನಾವು ಕಲಿಯಬೇಕಾಗಿದೆ. ಅದು ಹಿರಿಯರ ನೆನಪು. ನಾಯಕ ತನ್ನ ಸುಳ್ಳು ಹೆಸರನ್ನು ಕಟ್ಟಿಕೊಳ್ಳುವುದು ಪುಸ್ತಕದ ಕಪಾಟಿನ ಮುಂದೆ ನಿಂತು. ಹೆಸರು ಕೇಳಿದಾಗ ಗಾಬರಿಯಲ್ಲಿ ಕಣ್ಣಿಗೆ ಬಿದ್ದ ಎರಡು ಹೆಸರುಗಳನ್ನು ಸೇರಿಸಿ ಎಡೊಗಾವಾ ಕೊನಾನ್ ಎನ್ನುತ್ತಾನೆ. ಕೊನಾನ್ ಎಂಬುದು ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಅವರಿಂದ ಬಂದದ್ದು. ಎಡೊಗಾವಾ ಎಂಬುದು ಜಪಾನಿ ಪತ್ತೇದಾರಿ ಸಾಹಿತ್ಯದ ಮೂಲಪುರುಷ ಎಡೊಗಾವಾ ರಾಂಪೊ ಅವರಿಂದ. ಆ ರಾಂಪೊ ಕೂಡ ನಿಜ ಹೆಸರಲ್ಲ. ಹಿರಾಯ್ ತಾರೊ ಎಂಬಾತ ಎಡ್ಗರ್ ಅಲನ್ ಪೋ ಮೇಲಿನ ಅಭಿಮಾನದಿಂದ ಇಟ್ಟುಕೊಂಡ ಕಾವ್ಯನಾಮ. ಮೌರಿಯ ಕೊಗೊರೊ ಎಂಬ ಹೆಸರು ರಾಂಪೊ ಅವರ ಪತ್ತೇದಾರ ಅಕೆಚಿ ಕೊಗೊರೊನಿಂದ, ವಿಜ್ಞಾನಿ ಅಗಾಸಾ ಹೆಸರು ಅಗಾಥಾ ಕ್ರಿಸ್ಟಿಯಿಂದ. ಮೌರಿಯ ಕಚೇರಿಯ ಕೆಳಗಿನ ಕಾಫಿ ಅಂಗಡಿಗೆ ಕ್ರಿಸ್ಟಿಯ ಪತ್ತೇದಾರ ಪ್ವಾರೋನ ಹೆಸರು. ಇಷ್ಟೇ ಆಗಿದ್ದರೆ ಅಭಿಮಾನಿಯ ಸಂತೋಷ ಎನ್ನಬಹುದಿತ್ತು. ಪ್ರತಿ ಸಂಪುಟದ ಕೊನೆಯಲ್ಲೂ ಅಓಯಾಮಾ ಲೋಕದ ಪತ್ತೇದಾರಿ ಕಥೆಗಳಿಂದ ಒಬ್ಬೊಬ್ಬ ಪತ್ತೇದಾರನನ್ನು ಆರಿಸಿ, ಚಿತ್ರ ಬರೆದು, ಪರಿಚಯಿಸಿ, ಅವನ ಯಾವ ಕಥೆ ಓದಬೇಕೆಂದು ಹೇಳುತ್ತಾರೆ. ಮೊದಲ ಸಂಪುಟದಲ್ಲಿ ಷರ್ಲಾಕ್ ಹೋಮ್ಸ್. ಚಿತ್ರಕಥೆ ಓದಿ ಮುಗಿಸಿದ ಹತ್ತು ವರ್ಷದ ಮಗುವಿಗೆ ಗ್ರಂಥಾಲಯದ ದಾರಿ ತೋರಿಸುವ ಹಾಳೆ ಅದು. ಮೂವತ್ತು ವರ್ಷಗಳಿಂದ ಅದು ತಪ್ಪಿಲ್ಲ.

ಆ ಹಿರಿಯರು ಸುಲಭವಾಗಿ ಬಂದವರಲ್ಲ. ರಾಂಪೊ ಅವರ ಮೊದಲ ಕಥೆ ಅಚ್ಚಾದದ್ದು 1923ರಲ್ಲಿ. 1936ರಲ್ಲಿ ಮಕ್ಕಳಿಗಾಗಿ ಬಾಲ ಪತ್ತೇದಾರರ ದಂಡು ಕಟ್ಟಿ ಬರೆಯತೊಡಗಿದರು. ಯುದ್ಧದ ಕಾಲದಲ್ಲಿ ಸರ್ಕಾರ ಇಂಥ ಬರಹಗಳ ಮೇಲೆ ಕಣ್ಣಿಟ್ಟಿತು, 1939ರಲ್ಲಿ ಅವರ ಒಂದು ಕಥೆಯನ್ನು ಸಂಕಲನದಿಂದ ತೆಗೆಸಿತು. ಕುರುಡಾಗಿ ನಂಬು ಎನ್ನುವ ಕಾಲಕ್ಕೆ, ಕಂಡದ್ದನ್ನು ಪ್ರಶ್ನಿಸು ಎನ್ನುವ ಕಥೆ ಬೇಡವಾಗುವುದು ಸಹಜ. ಯುದ್ಧ ಮುಗಿದ ಮರುವರ್ಷವೇ, 1946ರಲ್ಲಿ, ಸೆಯ್ಶಿ ಯೊಕೊಮಿಜೊ ಕೆದರಿದ ಕೂದಲಿನ ಪತ್ತೇದಾರ ಕಿಂಡಾಯ್ಚಿಯನ್ನು ತಂದರು. 1992ರಲ್ಲಿ ಅದೇ ಕಿಂಡಾಯ್ಚಿಯ ಮೊಮ್ಮಗನನ್ನು ನಾಯಕನನ್ನಾಗಿ ಮಾಡಿಕೊಂಡು ಇನ್ನೊಂದು ಮಾಂಗಾ ಹುಟ್ಟಿತು, ಅದೂ ಅನಿಮೆಯಾಯಿತು. ತಾತನ ಹೆಸರು ಹೇಳಿಕೊಂಡು ಮೊಮ್ಮಗ ಓದುಗರ ಮುಂದೆ ಬರಬಹುದಾದಷ್ಟು ಆ ತಾತ ಜನರ ನೆನಪಿನಲ್ಲಿದ್ದ. ಅಓಯಾಮಾ ಹುಟ್ಟಿದ ತೊತ್ತೊರಿ ಪ್ರಾಂತ್ಯದ ಹೊಕುಎಯ್ ಎಂಬ ಚಿಕ್ಕ ಊರಿನ ಬೀದಿಗಳಲ್ಲಿ ಕೊನಾನ್ ಪ್ರತಿಮೆಗಳಿವೆ, ಅವನಿಗಾಗಿ ವಸ್ತುಸಂಗ್ರಹಾಲಯವಿದೆ, ರೈಲು ನಿಲ್ದಾಣಕ್ಕೂ ಪ್ರಾಂತ್ಯದ ವಿಮಾನ ನಿಲ್ದಾಣಕ್ಕೂ ಅವನ ಹೆಸರು ಸೇರಿದೆ.

ಈಗ ನಮ್ಮ ಕಡೆಗೆ ಬರೋಣ.

ನಾವು ಕೂತಿರುವ ಜಾಗದಿಂದ ಜಾಲಹಳ್ಳಿ ದೂರವಿಲ್ಲ. ಎಚ್‌ಎಂಟಿ ಅಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ಮಾಡಲು ಶುರುಮಾಡಿತು. ಅತ್ತ ಬಿಇಎಲ್, ಇತ್ತ ಪೀಣ್ಯ. ಕಾರ್ಖಾನೆಯ ಪಾಳಿ ಹಿಡಿದು ದುಡಿದ ಕುಟುಂಬಗಳು ಈ ಭಾಗದ ತುಂಬ ಇವೆ. ಆ ತಲೆಮಾರಿನವರನ್ನು ನೀವು ಏನು ಓದುತ್ತಿದ್ದಿರಿ ಎಂದು ಕೇಳಿ ನೋಡಿ. ಬಸ್ಸಿಗೆ ಕಾಯುವಾಗ, ಊಟದ ಬಿಡುವಿನಲ್ಲಿ, ರಾತ್ರಿಪಾಳಿ ಮುಗಿಸಿ ನಿದ್ದೆ ಬರುವವರೆಗೆ ಓದಿದ್ದು ಯಾರನ್ನು ಎಂದು ಕೇಳಿ. ಹತ್ತರಲ್ಲಿ ಕೆಲವರಾದರೂ ಎನ್. ನರಸಿಂಹಯ್ಯ ಎನ್ನದೆ ಇರಲಾರರು.

ನರಸಿಂಹಯ್ಯನವರು ಓದಿದ್ದು ನಾಲ್ಕನೇ ತರಗತಿ. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. 1952ರಲ್ಲಿ ಪತ್ತೇದಾರ ಪುರುಷೋತ್ತಮನನ್ನು ತಂದರು. ಆಮೇಲೆ ಮಧುಸೂದನ, ಅರಿಂಜಯ, ಗಾಳಿರಾಯ ಬಂದರು. ಕೈಗೆ ಹಿಡಿಯುವಷ್ಟು ಪುಸ್ತಕ, ಒರಟು ಕಾಗದ, ಗಾಢ ಬಣ್ಣದ ಮುಖಪುಟ, ಚಿಕ್ಕ ಚಿಕ್ಕ ವಾಕ್ಯ, ತುಂಬ ಸಂಭಾಷಣೆ. ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಇಂಥ ಪುಸ್ತಕ ದಿನಕ್ಕೆ ಇಷ್ಟು ಪೈಸೆ ಎಂದು ಬಾಡಿಗೆಗೆ ಹೋಗುತ್ತಿತ್ತು. ನನ್ನ ಕೈಗೆ ಸಿಕ್ಕಿದ ಒಂದು ಪ್ರತಿಯ ಮೊದಲ ಪುಟ ಲೈಬ್ರರಿಯ ಮುದ್ರೆಗಳಿಂದಲೇ ನೇರಳೆಯಾಗಿತ್ತು. ಬೆನ್ನಿಗೆ ದಾರ ಹಾಕಿ ಮತ್ತೆ ಹೊಲಿದಿದ್ದರು. ಕೊನೆಯ ಎರಡು ಹಾಳೆ ಹರಿದುಹೋಗಿದ್ದವು. ಯಾರೋ ಪುಣ್ಯಾತ್ಮರು ನೀಲಿ ಶಾಯಿಯಲ್ಲಿ ಕೊಲೆಗಾರ ಯಾರೆಂಬುದನ್ನು ಹಿಂಬದಿಯ ರಟ್ಟಿನ ಒಳಗೆ ಬರೆದಿಟ್ಟಿದ್ದರು. ಮುಂದೆ ಓದುವವರು ನಿರಾಶರಾಗಬಾರದೆಂಬ ಕಾಳಜಿ ಆ ಕೈಬರಹದಲ್ಲಿತ್ತು. ಪುಸ್ತಕದ ಬಗ್ಗೆ ಓದುಗ ತೋರಿಸಿದ ಅಷ್ಟು ದೊಡ್ಡ ಮರ್ಯಾದೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ವಿಮರ್ಶೆ ಆ ಮರ್ಯಾದೆ ತೋರಲಿಲ್ಲ. ನವೋದಯ, ಪ್ರಗತಿಶೀಲ, ನವ್ಯ ಎಂದು ನಾವು ಬರೆದುಕೊಂಡ ಕಾದಂಬರಿಯ ಚರಿತ್ರೆಯಲ್ಲಿ ನರಸಿಂಹಯ್ಯನವರಿಗೆ ಸಿಕ್ಕಿದ್ದು ಹೆಚ್ಚೆಂದರೆ ಒಂದು ಸಾಲು, ಅದೂ ಜನಪ್ರಿಯ ಎಂಬ ತಲೆಬರಹದ ಕೆಳಗೆ. ಅವರ ಕಥೆಗಳಲ್ಲಿ ದೋಷವಿಲ್ಲ ಎನ್ನುತ್ತಿಲ್ಲ. ಕಣ್ಣೀರ ಗೆರೆಯಂಥ ಸುಳಿವಿಗಿಂತ ಮಾರುವೇಷ, ನೆಲಮಾಳಿಗೆ, ಹೊಡೆದಾಟಗಳಿಗೆ ಅಲ್ಲಿ ಹೆಚ್ಚು ಜಾಗ. ವೇಗಕ್ಕಾಗಿ ತರ್ಕವನ್ನು ಬಿಟ್ಟುಕೊಟ್ಟ ಕಡೆಗಳಿವೆ. ಆದರೆ ನಾಲ್ಕನೇ ತರಗತಿ ಓದಿದ ಒಬ್ಬ ಮನುಷ್ಯ, ತನ್ನಷ್ಟೇ ಓದಿದ ಲಕ್ಷಾಂತರ ಜನರಿಗೆ, ಪುಸ್ತಕ ನಿಮ್ಮದೂ ಹೌದು ಎಂದು ತೋರಿಸಿದ್ದು ಸಾಹಿತ್ಯ ಚರಿತ್ರೆಯ ಘಟನೆಯಲ್ಲವೇ? ಅದೇ ಮಾತನ್ನು ವಿಶ್ವವಿದ್ಯಾಲಯದ ದನಿಯಲ್ಲಿ ಯಾರಾದರೂ ಹೇಳಿದ್ದರೆ ನಾವು ತಲೆದೂಗುತ್ತಿದ್ದೆವು. ನರಸಿಂಹಯ್ಯನವರು 2011ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಇದೇ ಹಾದಿಯ ಇನ್ನೊಬ್ಬರು ಟಿ.ಕೆ. ರಾಮರಾವ್. ಪತ್ತೇದಾರಿ ಬರವಣಿಗೆಗೆ ಭಾಷೆಯ ಹದ, ಪರಿಸರದ ವಿವರ, ಪಾತ್ರಗಳ ಒಳಮನಸ್ಸು ತಂದವರು. ಕನ್ನಡಿಗರು ಅವರ ಹೆಸರನ್ನು ಬೆಳ್ಳಿತೆರೆಯಲ್ಲಿ ಓದಿದ್ದು 1972ರ ಬಂಗಾರದ ಮನುಷ್ಯ ಚಿತ್ರದಲ್ಲಿ. ಅದು ಅವರದೇ ಕಾದಂಬರಿ. ಹಳ್ಳಿಗೆ ಮರಳಿ ನೆಲ ಹಸನು ಮಾಡುವ ರಾಜೀವಪ್ಪನ ಕಥೆ ಬರೆದ ಲೇಖನಿಯೇ ಕೊಲೆ, ಸಂಶಯ, ಶೋಧದ ಕಥೆಗಳನ್ನೂ ಬರೆದಿದೆ ಎಂಬುದು ಚಿತ್ರ ನೋಡಿ ಕಣ್ಣೊರೆಸಿಕೊಂಡ ಬಹಳ ಮಂದಿಗೆ ಗೊತ್ತಿಲ್ಲ. ಆ ಚಿತ್ರದ ಕೊನೆಯ ಭಾಗವನ್ನು ಇನ್ನೊಮ್ಮೆ ನೋಡಿ. ರಾಜೀವಪ್ಪ ಆಗಾಗ ಪಟ್ಟಣಕ್ಕೆ ಹೋಗುವುದು ಎಲ್ಲಿಗೆ, ಕಾಣುವುದು ಯಾರನ್ನು ಎಂಬ ಗುಟ್ಟನ್ನು ಕಥೆಗಾರ ಎಷ್ಟು ಹೊತ್ತು ಬಿಗಿಯಾಗಿ ಹಿಡಿದಿಟ್ಟಿದ್ದಾನೆ. ಅನುಮಾನಪಟ್ಟವರದೇ ತಪ್ಪಾಗುತ್ತದೆ, ಅನುಮಾನಕ್ಕೆ ಗುರಿಯಾದವನು ಎದ್ದುಹೋಗುತ್ತಾನೆ. ಪತ್ತೇದಾರಿ ಕಥೆಗಾರನ ಕೈ ಅಲ್ಲಿದೆ.

ಕನ್ನಡದಲ್ಲಿ ರಹಸ್ಯದ ಕಥೆಯೊಂದು ಪುಸ್ತಕದಿಂದ ಟಿ.ವಿ.ಗೆ ಬಂದದ್ದಕ್ಕೆ ನಾನು ಹೆಚ್ಚು ಬೆಲೆ ಕೊಡುವ ಉದಾಹರಣೆ ಪೂರ್ಣಚಂದ್ರ ತೇಜಸ್ವಿಯವರ ಚಿದಂಬರ ರಹಸ್ಯ. ಕಾದಂಬರಿ ಬಂದದ್ದು 1985ರಲ್ಲಿ, 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಗಿರೀಶ ಕಾರ್ನಾಡರು ಅದನ್ನು ದೂರದರ್ಶನಕ್ಕಾಗಿ ತೆರೆಗೆ ತಂದರು. ಮಲೆನಾಡಿನ ಕೆಸರೂರಿನಲ್ಲಿ ಏಲಕ್ಕಿ ಬೆಳೆ ಕುಸಿಯುತ್ತಿದೆ. ಏಲಕ್ಕಿಯ ಮೇಲೆ ಸಂಶೋಧನೆ ನಡೆಸುತ್ತಿದ್ದ ವಿಜ್ಞಾನಿ ಜೋಗಿಹಾಳರ ಸಾವು ಸಂಶಯಾಸ್ಪದ. ತನಿಖೆಗೆ ಗುಪ್ತಚರ ಇಲಾಖೆಯ ಶಾಮನಂದನ ಅಂಗಡಿ ಬರುತ್ತಾನೆ. ಶುರುವಾಗುವುದು ಅಪ್ಪಟ ಪತ್ತೇದಾರಿ ಕಥೆಯ ಹಾಗೆ. ಆದರೆ ಅಂಗಡಿ ಒಂದೊಂದು ಎಳೆ ಎಳೆದಂತೆ ಇನ್ನೊಂದು ಗಂಟು ಬೀಳುತ್ತದೆ. ಜಾತಿ, ಧರ್ಮ, ರಾಜಕೀಯ, ಕಳ್ಳ ವ್ಯಾಪಾರ, ಹುಡುಗರ ಕ್ರಾಂತಿಯ ಮಾತು ಎಲ್ಲವೂ ಸೇರಿಕೊಳ್ಳುತ್ತವೆ. ಊರಿನ ಸುತ್ತ ಲಂಟಾನ ಹಬ್ಬುತ್ತಲೇ ಇರುತ್ತದೆ, ಯಾರೂ ಗಮನಿಸುವುದಿಲ್ಲ. ಕೊನೆಗೆ ಬೆಂಕಿ ಬಿದ್ದಾಗ ಕೊಲೆಗಾರ ಯಾರೆಂಬ ಪ್ರಶ್ನೆಯೇ ಚಿಕ್ಕದಾಗಿಬಿಡುತ್ತದೆ.

ಇಲ್ಲಿ ಅಧಿಕಾರದ ದನಿ ಇದ್ದವನಿಗೆ ನಿಜ ಸಿಗಲಿಲ್ಲ. ಜಪಾನಿನ ಹುಡುಗನಿಗೆ ನಿಜ ಸಿಕ್ಕಿತ್ತು, ದನಿ ಇರಲಿಲ್ಲ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿದಾಗ ತೇಜಸ್ವಿ ಎಷ್ಟು ದೊಡ್ಡ ಕೆಲಸ ಮಾಡಿದ್ದಾರೆಂಬುದು ತಿಳಿಯುತ್ತದೆ. ಪತ್ತೇದಾರಿ ಕಥೆಯ ಚೌಕಟ್ಟನ್ನು ತೆಗೆದುಕೊಂಡು, ಊರಿಗೆ ಊರೇ ನೋಡುವುದನ್ನು ಮರೆತರೆ ಒಬ್ಬ ಪತ್ತೇದಾರ ಏನೂ ಮಾಡಲಾರ ಎಂದು ತೋರಿಸಿದರು. ಲೋಕದ ಯಾವ ಭಾಷೆಯ ರಹಸ್ಯ ಕಾದಂಬರಿಯ ಪಕ್ಕದಲ್ಲಾದರೂ ಇದನ್ನು ಇಡಬಹುದು. ಗಂಭೀರ ಸಾಹಿತ್ಯ ಬೇರೆ, ಪತ್ತೇದಾರಿ ಬೇರೆ ಎಂದು ಗೋಡೆ ಕಟ್ಟಿದವರಿಗೆ ಇದೇ ಉತ್ತರ.

ಆ ಗೋಡೆಯನ್ನು ದಾಟಿದವರು ಈಗಲೂ ಇದ್ದಾರೆ, ನಮ್ಮ ಉತ್ತರ ಬೆಂಗಳೂರಿನಲ್ಲೇ ಇದ್ದಾರೆ. ಹೆಬ್ಬಾಳದ ಆಚೆಯ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿಯಾಗಿದ್ದ ಡಾ. ಕೆ.ಎನ್. ಗಣೇಶಯ್ಯನವರು ಕನಕ ಮುಸುಕು, ಕರಿಸಿರಿಯಾನ, ಚಿತಾದಂತ ಮುಂತಾದ ಕಾದಂಬರಿಗಳಲ್ಲಿ ಶಾಸನ, ಶಿಲ್ಪ, ಚರಿತ್ರೆಯ ಸುಳ್ಳು ನಿಜಗಳನ್ನೇ ಸುಳಿವು ಮಾಡಿದರು. ಅಡಿಟಿಪ್ಪಣಿ, ಆಕರಗಳ ಸಮೇತ ರೋಚಕ ಕಥೆ ಬರೆಯುವುದು ಅವರ ದಾರಿ. ಸುಳಿವನ್ನು ಓದುಗನಿಂದ ಮುಚ್ಚಿಡಕೂಡದು ಎಂಬ ಕಟ್ಟಳೆಯನ್ನು ಅವರು ಪಾಲಿಸುವ ರೀತಿ ಇದು. ಸಿನಿಮಾದಲ್ಲಿ 2019ರ ಬೆಲ್ ಬಾಟಮ್ ಇದೆ. ಟಿ.ಕೆ. ದಯಾನಂದ್ ಅವರ ಕಥೆ, ಜಯತೀರ್ಥ ಅವರ ನಿರ್ದೇಶನ. ಚಿಕ್ಕಂದಿನಿಂದ ಪತ್ತೇದಾರಿ ಕಥೆಗಳ ಹುಚ್ಚು ಹಿಡಿಸಿಕೊಂಡ ಹುಡುಗ ಕಾನ್‌ಸ್ಟೇಬಲ್ ಆಗಿ ಠಾಣೆಯ ಕಳವನ್ನು ಬಿಡಿಸುತ್ತಾನೆ. ಅದು ನರಸಿಂಹಯ್ಯನವರ ಓದುಗನಿಗೆ ಕನ್ನಡ ಚಿತ್ರರಂಗ ಸಲ್ಲಿಸಿದ ನಮಸ್ಕಾರ ಎಂದೇ ನಾನು ತಿಳಿದಿದ್ದೇನೆ.

ಮಕ್ಕಳಿಗೆ ಮಾತ್ರ ಇದ್ಯಾವುದೂ ಮುಟ್ಟಲಿಲ್ಲ. ಚಿತ್ರಕಥೆ ನಮಗೆ ಹೊಸದಾಗಿದ್ದರೆ ಸಮಾಧಾನ ಹೇಳಿಕೊಳ್ಳಬಹುದಿತ್ತು. ಅಮರ ಚಿತ್ರ ಕಥೆ ಎಂಬ ಹೆಸರು ಮೊದಲು ಹುಟ್ಟಿದ್ದೇ ಬೆಂಗಳೂರಿನಲ್ಲಿ, ಕನ್ನಡದಲ್ಲಿ. 1960ರ ದಶಕದಲ್ಲಿ ಐಬಿಎಚ್ ಪ್ರಕಾಶನ ಸಂಸ್ಥೆಯ ಜಿ.ಕೆ. ಅನಂತರಾಮ್ ಪಾಶ್ಚಾತ್ಯ ಕಿನ್ನರಕಥೆಗಳನ್ನು ಆ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಮೊದಲ ಹತ್ತು ಸಂಚಿಕೆಗಳು ಅವೇ. ಆಮೇಲೆ ಅದೇ ಹೆಸರಿನಲ್ಲಿ ಬಂದ ಅನಂತ ಪೈ ಅವರ ಕೃಷ್ಣ ಸಂಚಿಕೆ 11ನೆಯದಾಗಿ ಎಣಿಕೆಯಾದದ್ದು ಅದಕ್ಕೇ. ವಾರಪತ್ರಿಕೆಗಳಲ್ಲಿ ಫ್ಯಾಂಟಮ್ ಬರುತ್ತಿದ್ದ. ಬಾಲಮಂಗಳದಲ್ಲಿ ಡಿಂಗ ಬರುತ್ತಿದ್ದ. ಚಿತ್ರಕಾರರಿದ್ದರು, ಕಥೆಗಾರರಿದ್ದರು, ವಾರ ವಾರ ಕಾಯುವ ಓದುಗರಿದ್ದರು. ಪುರುಷೋತ್ತಮನಿಗೆ ಮೊಮ್ಮಗ ಮಾತ್ರ ಹುಟ್ಟಲಿಲ್ಲ. ಅವನನ್ನು ಚಿತ್ರದಲ್ಲಿ ಕೂರಿಸಿ, ಒಳ್ಳೆಯ ಸುಳಿವು ಹೆಣೆದು, ಹತ್ತು ವರ್ಷದ ಮಗುವಿನ ಕೈಗೆ ಕೊಡುವ ಕೆಲಸವನ್ನು ಯಾವ ಪ್ರಕಾಶಕರೂ ದೊಡ್ಡ ಪ್ರಮಾಣದಲ್ಲಿ ಮಾಡಲಿಲ್ಲ.

ಹೊರಗಿನಿಂದ ಬರುವುದೆಲ್ಲವೂ ಕನ್ನಡದಲ್ಲಿ ಬರುತ್ತಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಡೀಮನ್ ಸ್ಲೇಯರ್ ಎಂಬ ಅನಿಮೆ ಸಿನಿಮಾ ಭಾರತದ ಚಿತ್ರಮಂದಿರಗಳಿಗೆ ಬಂದಾಗ ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಬೆಂಗಳೂರಿನಲ್ಲಿ ಅದನ್ನು ನೋಡಲು ನುಗ್ಗಿದ ಮಕ್ಕಳಿಗೆ ಕನ್ನಡದ ಆಯ್ಕೆಯೇ ಇರಲಿಲ್ಲ. ಕನ್ನಡಕ್ಕೆ ಡಬ್ಬಿಂಗ್ ಬೇಡ ಎಂಬ ಹೋರಾಟ 1960ರ ದಶಕದಲ್ಲಿ ನಡೆದದ್ದಕ್ಕೆ ಆಗಿನ ಕಾರಣಗಳಿದ್ದವು. ಕನ್ನಡ ಚಿತ್ರರಂಗ ಆಗ ತನ್ನ ಕಾಲ ಮೇಲೆ ನಿಲ್ಲಬೇಕಿತ್ತು, ಕಲಾವಿದರ ಅನ್ನದ ಪ್ರಶ್ನೆ ಇತ್ತು. ಆ ಹಿರಿಯರ ಬಗ್ಗೆ ನನಗೆ ಗೌರವವಿದೆ. ಆದರೆ ಆ ಕಾಲ ಮುಗಿದಿದೆ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ಆದೇಶಿಸಿದ್ದಾಗಿದೆ. 2009ರಲ್ಲೇ ಆರಂಭವಾದ ಚಿಂಟು ಟಿ.ವಿ. ಮಕ್ಕಳಿಗೆ ಕನ್ನಡದ ಕಾರ್ಟೂನು ಬೇಕು ಎಂಬುದನ್ನು ತೋರಿಸಿಕೊಟ್ಟಿದೆ. ಕೊನಾನ್ ಸೋಫಾದ ಹಿಂದೆ ಕೂತು ಕನ್ನಡದಲ್ಲಿ ಗುಟ್ಟು ಬಿಡಿಸಿದರೆ, ಹೇಗೆ ಯೋಚಿಸಿದರೆ ಸರಿಯಾಗುತ್ತದೆ ಎಂಬುದನ್ನು ನಮ್ಮ ಮಗು ಕನ್ನಡದಲ್ಲೇ ಕೇಳುತ್ತದೆ. ಹಾಗಾದರೆ, ಆದ್ದರಿಂದ, ಒಂದು ವೇಳೆ, ಇಲ್ಲವಾದರೆ ಎಂದು ಮಾತಿಗೆ ಮಾತು ಜೋಡಿಸಿ ತರ್ಕ ಮಾಡುವುದನ್ನು ಮಗು ಯಾವ ಭಾಷೆಯಲ್ಲಿ ಕಲಿಯುತ್ತದೋ ಆ ಭಾಷೆ ಅದಕ್ಕೆ ದೊಡ್ಡದಾದ ಮೇಲೂ ಕೆಲಸಕ್ಕೆ ಬರುತ್ತದೆ. ಮನೆಯಲ್ಲಿ ಕನ್ನಡ ಊಟ ತಿಂಡಿಗೆ, ಯೋಚನೆಗೆ ಇಂಗ್ಲಿಷ್ ಎಂದಾಗಿರುವುದನ್ನು ನಾವೆಲ್ಲ ನೋಡುತ್ತಿದ್ದೇವೆ. ನನ್ನ ನಿಜವಾದ ಭಯ ಅದು.

ಹಾಗಾಗಿ ಕೈಲಾಗುವ ಕೆಲಸಗಳ ಮಾತಾಡುತ್ತೇನೆ. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ಶೇಕಡಾ 6 ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ನಡೆದುಬಂದ ವ್ಯವಸ್ಥೆ ಅದು. ಗ್ರಂಥಾಲಯ ನಮ್ಮ ದುಡ್ಡಿನದು. ಅಲ್ಲಿ ಪತ್ತೇದಾರಿ ಕಾದಂಬರಿಗಳಿಗೆ ಒಂದು ಕಪಾಟು ಕೇಳುವ ಹಕ್ಕು ನಮಗಿದೆ. ನರಸಿಂಹಯ್ಯನವರ ಆಯ್ದ ಇಪ್ಪತ್ತು ಕಾದಂಬರಿಗಳನ್ನಾದರೂ ಒಳ್ಳೆಯ ಕಾಗದದಲ್ಲಿ, ಒಳ್ಳೆಯ ಮುನ್ನುಡಿಯೊಂದಿಗೆ ಮತ್ತೆ ಅಚ್ಚು ಹಾಕಿಸುವುದು ಅಕಾಡೆಮಿಗಳಿಗೆ, ಪುಸ್ತಕ ಪ್ರಾಧಿಕಾರಕ್ಕೆ ಭಾರವಾಗುವ ಕೆಲಸವಲ್ಲ. ಚಿತ್ರಕಲೆ ಕಲಿತ ನಮ್ಮ ಹುಡುಗ ಹುಡುಗಿಯರು ಬೇರೆ ದೇಶದ ಕಂಪನಿಗಳಿಗೆ ಅನಿಮೇಷನ್ ಮಾಡಿಕೊಡುತ್ತಿರುವುದು ಇದೇ ಬೆಂಗಳೂರಿನಲ್ಲಿ. ಅವರಿಗೆ ಕನ್ನಡದ ಒಂದು ರಹಸ್ಯ ಕಥೆ ಕೊಟ್ಟು ನೋಡಬೇಕು.

ಮನೆಯಲ್ಲಿ ಅಟ್ಟದ ಮೇಲೆ, ಹಳೆಯ ಟ್ರಂಕಿನಲ್ಲಿ, ಅಜ್ಜನ ಮಂಚದ ಕೆಳಗೆ ಇಂಥ ಪುಸ್ತಕಗಳಿದ್ದರೆ ದಯವಿಟ್ಟು ಗುಜರಿಯವರಿಗೆ ತೂಕಕ್ಕೆ ಹಾಕಬೇಡಿ. ಮುಖಪುಟ ಇಲ್ಲದಿದ್ದರೂ ಸರಿ, ಕೊನೆಯ ಹಾಳೆ ಹರಿದಿದ್ದರೂ ಸರಿ, ನಿಮ್ಮ ವಾರ್ಡಿನ ಗ್ರಂಥಾಲಯಕ್ಕೆ ಕೊಡಿ, ಅಥವಾ ಈ ಸಭೆಯ ಸಂಘಟಕರ ಬಳಿ ಕೊಡಿ, ಜೋಪಾನ ಮಾಡುವ ಹೊಣೆ ನಾವು ಹೊರುತ್ತೇವೆ. ಮುಂದಿನ ಸಾಲಿನಲ್ಲಿ ಕೂತ ಮಕ್ಕಳಿಗೂ ಒಂದು ಕೋರಿಕೆ. ಕೊನಾನ್ ನೋಡುವಾಗ ಕೊಲೆಗಾರ ಯಾರೆಂದು ಕಂತು ಮುಗಿಯುವ ಮೊದಲೇ ಹೊಳೆದರೆ, ಅದನ್ನು ಮನೆಯ ದೊಡ್ಡವರಿಗೆ ಕನ್ನಡದಲ್ಲಿ ವಿವರಿಸಿ. ದೊಡ್ಡವರು ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿ.